ಆಟದಲ್ಲಿ ರಸ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ಫೋನಿನಲ್ಲಿ ಆಡುವ ಆಟಗಳನ್ನು ಕಟ್ಟುವ ಉದ್ಯೋಗ. ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಯ ಪೀಣ್ಯಕ್ಕೆ ಬಂದವನು ಕಾಫಿಯಾದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, “ಸಾರ್, ಇದು ನಾವು ಆರು ಜನ ಸೇರಿ ಮಾಡಿದ ಆಟ. ತರಗತಿಯಲ್ಲಿ ಕಾವ್ಯದ ಗುಣದೋಷ ಹೇಳುತ್ತಿದ್ದಿರಲ್ಲ, ಇದನ್ನೂ ಆಡಿ ನೋಡಿ ಹಾಗೆಯೇ ಹೇಳಬೇಕು” ಎಂದ.

ಮೊದಲು ನಕ್ಕೆ, ಆಮೇಲೆ ಆಡಿದೆ. ಬಣ್ಣದ ಹರಳುಗಳನ್ನು ಹೊಂದಿಸುತ್ತ ಒಬ್ಬ ಪುಟ್ಟ ಹುಡುಗನಿಗೆ ದಾರಿ ಮಾಡಿಕೊಡುವ ಆಟ ಅದು. ಹತ್ತು ನಿಮಿಷವೆಂದು ಹಿಡಿದದ್ದು ಮುಕ್ಕಾಲು ಗಂಟೆಯಾಯಿತು. ಊಟಕ್ಕೆ ಒಳಗಿನಿಂದ ಎರಡು ಸಲ ಕರೆ ಬಂದರೂ ಏಳಲಿಲ್ಲ. ಕೊನೆಗೆ ಫೋನನ್ನು ಕೆಳಗಿಟ್ಟಾಗ ಮನಸ್ಸಿನಲ್ಲಿ ಉಳಿದಿದ್ದುದು ಸ್ವಲ್ಪ ಆಯಾಸ, ಸ್ವಲ್ಪ ನಾಚಿಕೆ. ಬಿಡಲಾರದೆ ಆಡಿದ್ದೆ, ಆದರೆ ಸುಖಪಟ್ಟೆನೆಂದು ಹೇಳುವಂತಿರಲಿಲ್ಲ. ಹಿಡಿದು ಕೂರಿಸುವುದು ಬೇರೆ, ರಂಜಿಸುವುದು ಬೇರೆ ಎಂಬ ಮಾತು ಅಂದು ನನ್ನ ಅನುಭವಕ್ಕೇ ಬಂತು. ಹಾಗಾದರೆ ಆಟದ ಸೊಗಸು ಯಾವುದು? ಅದನ್ನು ತಂದುಕೊಡುವ ಕೈಚಳಕ ಎಂಥದು?

ಹೊಸದನ್ನು ಅಳೆಯುವುದಕ್ಕೆ ಹಳೆಯದೊಂದು ಅಳತೆ ಬೇಕು. ನನಗೆ ಬಾಲ್ಯದಿಂದ ಗೊತ್ತಿರುವುದು ಚೌಕಾಬಾರ. ಅದು ಅಜ್ಜಿಯ ಕಾಲಕ್ಕೇ ಮುಗಿದುಹೋಯಿತೆಂದು ವಾಚಕರು ತಿಳಿಯಬೇಕಾಗಿಲ್ಲ. ಪೀಣ್ಯದ ಕಾರ್ಖಾನೆಗಳ ನಡುವೆ ನಾನು ದಿನವೂ ನಡೆದುಹೋಗುವ ಬೀದಿಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಹೊಂಗೆಯ ಮರದಡಿ ಸೀಮೆಸುಣ್ಣದಿಂದ ಮನೆ ಬರೆದು ಲಾರಿಗೆ ಮಾಲು ತುಂಬುವವರು ಅದನ್ನು ಆಡುತ್ತಾರೆ. ಕವಡೆಯಿಲ್ಲದಿದ್ದರೆ ಒಂದು ಮಗ್ಗುಲು ತೇದ ಹುಣಿಸೆಬೀಜ, ಕಾಯಿಗೆ ಕಲ್ಲು, ಬಳೆಚೂರು, ನಟ್ಟು, ವಾಷರು. ಇಷ್ಟರಿಂದ ಅವರಿಗೆ ದೊರೆಯುವ ನಗು, ಕೂಗು, ಹುಸಿಮುನಿಸು ನನ್ನ ಆ ಮುಕ್ಕಾಲು ಗಂಟೆಯಲ್ಲಿ ಒಂದು ಕ್ಷಣವೂ ದೊರೆಯಲಿಲ್ಲ.

ಇದರ ರಚನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಐದೈದರಂತೆ 25 ಮನೆ: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕು ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದರೆ ಅಷ್ಟು ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ಕವಡೆಯ ಎರಡು ಮಗ್ಗುಲೂ ಸಮಾನವೆಂದು ಭಾವಿಸಿ ಲೆಕ್ಕ ಹಾಕಿದರೆ, 16 ಬಗೆಯ ಬೀಳುವಿಕೆಯಲ್ಲಿ ಎರಡು ಬೀಳುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ. ಚೌಕಕ್ಕೆ ಒಂದೇ ಬಗೆ, ಬಾರಕ್ಕೆ ಒಂದೇ ಬಗೆ. ಈ ಅಪರೂಪದ ಎರಡಕ್ಕೇ ಇನ್ನೊಂದು ಸಲ ಕವಡೆ ಹಾಕುವ ಭಾಗ್ಯವನ್ನೂ ನಿಯಮ ಕೊಟ್ಟಿದೆ. ದಿನನಿತ್ಯದ ಬದುಕಿನಂತೆ ಒಂದು ಎರಡು ಮೂರರಲ್ಲಿ ಕುಂಟುತ್ತಿದ್ದವನಿಗೆ ಹಠಾತ್ತನೆ ಎಂಟು ಬಿದ್ದರೆ ಅಂಗಳವೆಲ್ಲ ಏಕೆ ಕೂಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಅದೃಷ್ಟವೊಂದೇ ಇದ್ದಿದ್ದರೆ ಎರಡು ದಿನಕ್ಕೆ ಬೇಸರ ಬರುತ್ತಿತ್ತು. ಬಿದ್ದ ನಡೆಯನ್ನು ನಾಲ್ಕು ಕಾಯಿಗಳಲ್ಲಿ ಯಾವುದಕ್ಕೆ ಕೊಡಬೇಕೆಂಬುದು ಆಡುವವನ ವಿವೇಕಕ್ಕೆ ಬಿಟ್ಟದ್ದು. ಕಟ್ಟೆಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಆದರೆ ಕೂತೇ ಇದ್ದರೆ ಗೆಲ್ಲುವಂತೆಯೂ ಇಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಅಂಜುಬುರುಕನೂ ಒಮ್ಮೆ ಧೈರ್ಯ ಮಾಡಲೇಬೇಕು. ಕೊನೆಗೆ ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತೇವೆ. ಕಾಯಿ ಹಣ್ಣಾಗುವುದು! ಆಟದ ಉದ್ದೇಶವನ್ನೆಲ್ಲ ಒಂದೇ ಮಾತಿನಲ್ಲಿ ಹಿಡಿದಿಟ್ಟ ಆ ಅನಾಮಧೇಯ ಕವಿ ಯಾರೋ! ಅದೃಷ್ಟವಿರುವುದರಿಂದ ಎಂಟು ವರ್ಷದ ಮೊಮ್ಮಗಳು ಎಂಬತ್ತರ ಅಜ್ಜಿಯನ್ನು ಸೋಲಿಸಬಲ್ಲಳು. ವಿವೇಕಕ್ಕೆ ಎಡೆಯಿರುವುದರಿಂದ ಅಜ್ಜಿ ಹತ್ತರಲ್ಲಿ ಆರು ಸಲ ಗೆಲ್ಲಬಲ್ಲಳು. ಈ ಎರಡರ ಪ್ರಮಾಣವನ್ನು ಹದವಾಗಿ ಬೆರೆಸುವುದೇ ಆಟ ಕಟ್ಟುವವನ ಮೊದಲ ಕೌಶಲವೆಂದು ನನಗೆ ತೋರುತ್ತದೆ.

ಎರಡನೆಯ ಕೌಶಲ ಮಿತವ್ಯಯ. ಹುಲಿ ಕುರಿ ಆಟವನ್ನು ನೋಡಿ. ನಮ್ಮ ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಅದರ ಗೆರೆಗಳನ್ನು ಕೊರೆದಿರುವುದನ್ನು ಅನೇಕರು ಕಂಡಿರಬಹುದು. ಪಾಠಾಂತರಗಳು ಹಲವಿದ್ದರೂ ಒಂದರಲ್ಲಿ ಹುಲಿ 3, ಕುರಿ 15. ಹುಲಿ ಹಾರಿ ಕೊಲ್ಲಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕದಲದಂತೆ ಮಾಡಬೇಕು. ನಿಯಮಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಅವುಗಳಿಂದ ಹುಟ್ಟುವ ಸಂದರ್ಭಗಳನ್ನು ಒಂದು ಮಳೆಗಾಲವೆಲ್ಲ ಆಡಿದರೂ ಮುಗಿಸಲಾಗದು. ಕಡಿಮೆ ಮಾತಿನಲ್ಲಿ ಹೆಚ್ಚು ಅರ್ಥವನ್ನು ಧ್ವನಿಸುವುದೇ ಒಳ್ಳೆಯ ಕಾವ್ಯವೆನ್ನುವವರು ಈ ಆಟವನ್ನು ಕಾವ್ಯದ ಪಕ್ಕದಲ್ಲಿಡಲು ಸಂಕೋಚಪಡಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ನೆನಪಾಗುತ್ತದೆ. ಕನ್ನಡನಾಡಿನಲ್ಲಿ ಆಟ ಕಟ್ಟುವುದನ್ನೇ ಒಂದು ವಿದ್ಯೆಯೆಂದು ಸಾಧಿಸಿದವರಲ್ಲಿ ಅವರು ಅಗ್ರಗಣ್ಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ, ರಾಜ್ಯಕ್ಕೆ ಕಟ್ಟಳೆ ಮಾಡುವ ಅಧಿಕಾರವಿಲ್ಲದ ಅರಸರು ಮಣೆಗೂ ಎಲೆಗೂ ಕಟ್ಟಳೆ ಮಾಡುತ್ತ ಕಾಲ ಕಳೆದರು ಎನ್ನುವಾಗ ಮನಸ್ಸು ಮರುಗುತ್ತದೆ. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೇ ಸ್ಥಾನವಿದೆ. ದಶಾವತಾರದ ಗಂಜೀಫಾದಲ್ಲಿ 120 ಎಲೆಗಳಿದ್ದರೆ, ಅರಸರು ಮುನ್ನೂರಕ್ಕೂ ಮಿಕ್ಕ ಎಲೆಗಳ ಆಟಗಳನ್ನು ರಚಿಸಿದರು. ಅವರ ಪಾಂಡಿತ್ಯಕ್ಕೆ ನನ್ನ ನಮಸ್ಕಾರವಿದೆ. ಆದರೂ ವಿಮರ್ಶೆ ದಾಕ್ಷಿಣ್ಯಕ್ಕೆ ಒಳಗಾಗಬಾರದು. ಅರಮನೆಯ ಆ ಎಲೆಗಳು ಇಂದು ಸಂಗ್ರಹಕಾರರ ಪೆಟ್ಟಿಗೆಯಲ್ಲಿವೆ. ಹೆಸರಿಲ್ಲದವರ ಚೌಕಾಬಾರ ಪೀಣ್ಯದ ಬೀದಿಯಲ್ಲಿದೆ. ಆಡುವವನ ನೆನಪಿಗೆ ಹೊರೆಯಾಗುವಷ್ಟು ಅಲಂಕಾರವನ್ನು ಹೇರಿದ ಚಂಪೂವಿಗೆ ಯಾವ ಗತಿಯೋ ಆಟಕ್ಕೂ ಅದೇ ಗತಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಆಟದ ಸೋಲು ಆಟದ ಮಣೆಯ ಮೇಲೆಯೇ ಉಳಿಯಬೇಕು. ರಂಗದ ಮೇಲಿನ ಶೋಕ ನಮ್ಮ ಸ್ವಂತದ್ದಲ್ಲವಾದ್ದರಿಂದಲೇ ಆಸ್ವಾದ್ಯವಾಗುತ್ತದೆಂಬ ರಸಸಿದ್ಧಾಂತವನ್ನು ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಕನ್ನಡಿಗರಿಗೆ ಮನೆಮಾತಾಗಿಸಿತು. ಆಟಕ್ಕೂ ಅದು ಸಲ್ಲುತ್ತದೆ. ಹೊಡೆಸಿಕೊಂಡ ಕಾಯಿಗಾಗಿ ನಾವು ನಿಜವಾಗಿಯೇ ಕಳವಳಪಡುತ್ತೇವೆ. ಆದರೆ ಆ ಕಳವಳದಿಂದ ಸಂಜೆಯ ಅನ್ನಕ್ಕೆ ಕುಂದಿಲ್ಲ. ದಿನದ ವ್ಯವಹಾರದಿಂದ ಬೇರ್ಪಟ್ಟ ತನ್ನದೇ ಸ್ಥಳ, ತನ್ನದೇ ಕಾಲ ಆಟಕ್ಕಿರುತ್ತದೆಂದು ಡಚ್ ವಿದ್ವಾಂಸ ಹುಯಿಸಿಂಗ 1938ರಲ್ಲಿ ಬರೆದದ್ದೂ ಇದೇ ಅಭಿಪ್ರಾಯದಲ್ಲಿ. ಆ ಎಲ್ಲೆ ಒಡೆದರೆ ಏನಾಗುತ್ತದೆಂಬುದನ್ನು ನಮಗೆ ಪಂಪನೂ ಕುಮಾರವ್ಯಾಸನೂ ಹೇಳಿಯಾಗಿದೆ. ಕೌರವರ ಸಭೆಯಲ್ಲಿ ದಾಳ ಉರುಳಿದಾಗ ಧರ್ಮರಾಯನಿಗೆ ಆಟದ ಸುಖ ಎಳ್ಳಷ್ಟಾದರೂ ಇತ್ತೆ? ರಾಜ್ಯ, ತಮ್ಮಂದಿರು, ಕೊನೆಗೆ ಹೆಂಡತಿ ಪಣಕ್ಕೆ ಬಿದ್ದ ಮೇಲೆ ಅಲ್ಲಿ ಉಳಿದದ್ದು ಆಟದ ವೇಷ ಮಾತ್ರ.

ಹಣವಿಟ್ಟು ಫೋನಿನಲ್ಲಿ ಆಡುವ ಆಟಗಳನ್ನು ಕುರಿತು ನಮ್ಮಲ್ಲಿ ನಡೆದ ವಾದವನ್ನೂ ಈ ದೃಷ್ಟಿಯಿಂದ ನೋಡಬಹುದು. 2021ರಲ್ಲಿ ರಾಜ್ಯ ಸರ್ಕಾರ ತಂದ ನಿಷೇಧದ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೇ ನಿಷೇಧದ ಕಾಯ್ದೆಯನ್ನು ಅಂಗೀಕರಿಸಿತು. ವರ್ಷಗಟ್ಟಲೆ ವಕೀಲರು ಚರ್ಚಿಸಿದ್ದು ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂದು. ಕಾನೂನಿಗೆ ಆ ಪ್ರಶ್ನೆ ಬೇಕಾಗಿತ್ತು. ರಸಿಕನ ಪ್ರಶ್ನೆಯಾದರೋ ಇಷ್ಟೇ: ಸೋತವನು ನಗುತ್ತ ಏಳಬಹುದೇ?

ಈಗ ನನ್ನ ಶಿಷ್ಯನ ಆಟಕ್ಕೆ ಬರುತ್ತೇನೆ. ಅದರಲ್ಲಿ ಹಣದ ಪಣವಿಲ್ಲ, ನಿಜ. ಆದರೆ ಐದು ಸಲ ಸೋತರೆ ‘ಜೀವ’ ಮುಗಿಯುತ್ತದೆ. ಅರ್ಧ ಗಂಟೆ ಕಾಯಬೇಕು, ಇಲ್ಲವೆ ದುಡ್ಡು ಕೊಟ್ಟು ಜೀವ ಕೊಳ್ಳಬೇಕು. ನಾನು ಸೋತಾಗಲೆಲ್ಲ ಒಂದೇ ಒಂದು ಹರಳಿನಿಂದ ಸೋತೆ. ಇದು ಆಕಸ್ಮಿಕವಲ್ಲವೆಂದು ಅವನೇ ಒಪ್ಪಿಕೊಂಡ. ದಿನ ತಪ್ಪದೆ ಬಂದವರಿಗೆ ಉಡುಗೊರೆ, ತಪ್ಪಿದವರಿಗೆ ಕೂಡಿಟ್ಟದ್ದರ ನಷ್ಟ. ಮುನ್ನೂರು ಹಂತ ಆದಮೇಲೂ ಮತ್ತೆ ಹಂತಗಳು ಸೇರುತ್ತಲೇ ಇರುತ್ತವೆ. ಚೌಕಾಬಾರದಲ್ಲಿ ನಾಲ್ಕು ಕಾಯಿ ಹಣ್ಣಾದರೆ ಆಟ ಮುಗಿಯಿತು. ಇಲ್ಲಿ ಕಾಯಿ ಎಂದಿಗೂ ಹಣ್ಣಾಗುವುದಿಲ್ಲ. ನನ್ನ ಆಯಾಸದ ಕಾರಣ ಇದೇ.

ಹಾಗೆಂದು ಆ ಕೃತಿಯಲ್ಲಿ ಗುಣವಿಲ್ಲವೆಂದಲ್ಲ. ಹದಿನೇಳನೆಯ ಹಂತದಲ್ಲಿ ಒಂದು ಮುರಿದ ಸೇತುವೆ ಬರುತ್ತದೆ. ಹರಳುಗಳನ್ನು ಬೇಗ ಬೇಗ ಒಡೆದರೆ ಸೇತುವೆ ಕುಸಿಯುತ್ತದೆ. ಅದುವರೆಗೆ ಕಲಿತ ಆತುರವನ್ನು ಮರೆತು ಒಂದನ್ನು ಬೇಕೆಂದೇ ಉಳಿಸಿಕೊಂಡರೆ ಹುಡುಗ ದಾಟುತ್ತಾನೆ. ಇದು ಹೊಳೆದಾಗ ನಾನು ಒಬ್ಬನೇ ‘ಭಲೆ’ ಎಂದೆ. ಆ ಹಂತವನ್ನು ಕಟ್ಟಿದವರು ಯಾರೆಂದು ಕೇಳಿದೆ. ಅವನ ಮುಖ ಅರಳಿತು. “ಅದು ನಂದೇ ಸಾರ್. ಆದರೆ ಅಲ್ಲಿಗೆ ಬಂದವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ, ಕೆಲವರು ಬಿಟ್ಟುಹೋಗುತ್ತಾರೆ. ಮುಂದಿನ ತಿಂಗಳು ಅದನ್ನು ತೆಗೆಯಬೇಕಂತೆ” ಎಂದ. ಇಂದು ಆಡಿದವರಲ್ಲಿ ನಾಳೆ ನೂರಕ್ಕೆ ಎಷ್ಟು ಜನ ಮರಳಿ ಬಂದರೆಂಬುದೇ ಅವರ ಕಚೇರಿಯ ಅಳತೆಗೋಲು.

“ಒಳ್ಳೆಯ ಆಟ ಮುಗಿಯಬೇಕಪ್ಪ” ಎಂದೆ. “ಮುಗಿದರೆ ಸಂಬಳ ಎಲ್ಲಿಂದ ಸಾರ್?” ಎಂದ. ಈ ಮಾತಿಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ತಿಂಗಳ ಸಂಬಳದ ಮೇಷ್ಟರಾದ ನಾನು ಅದನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇರಲಿಲ್ಲ. ಬೆಂಗಳೂರಿನಲ್ಲಿ ಈ ಉದ್ಯಮದ ಮೊದಲಿಗರಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಆರಂಭವಾಗಿ, ಬಹುಮಟ್ಟಿಗೆ ಹೊರನಾಡಿನ ಆಟಗಳಿಗೆ ಚಿತ್ರ, ಆಕೃತಿಗಳನ್ನು ಒದಗಿಸಿ ಹೆಸರು ಮಾಡಿತು. 2019ರಲ್ಲಿ ಹೊರನಾಡಿನ ಸಂಸ್ಥೆಯೊಂದರ ಪಾಲಾಯಿತು. ಬಣ್ಣ ಹಚ್ಚುವ ಕೈ ನಮ್ಮಲ್ಲಿದೆಯೆಂಬುದು ಎಂದೋ ಸಿದ್ಧವಾಗಿದೆ. ಕಟ್ಟಳೆ ಕಟ್ಟುವ ಬುದ್ಧಿಯೂ ಇದೆಯೆಂಬುದಕ್ಕೆ ಹಳೆಯ ಸಾಕ್ಷಿ ಪೀಣ್ಯದ ಬೀದಿಯಲ್ಲಿದ್ದರೆ, ಹೊಸ ಸಾಕ್ಷಿ ಆ ಸೇತುವೆಯಲ್ಲಿದೆ.

ಸಂಜೆ ನನ್ನ ತಾಯಿ ಅವನನ್ನು ಚೌಕಾಬಾರಕ್ಕೆ ಕೂರಿಸಿಕೊಂಡರು. ಅವನ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದನ್ನು ಅಮ್ಮ ಹೊಡೆದು ಗೆದ್ದರು. ನಕ್ಕು, ಮಣೆ ಎತ್ತಿಟ್ಟು, ಮೆಟ್ರೋಗೆ ಹೊರಟ. ಬಾಗಿಲಲ್ಲಿ ನಿಂತು, “ಸೇತುವೆ ತೆಗೆಯಬೇಡಿ ಎಂದು ನಾಳೆ ಒಂದು ಮಾತು ಹೇಳಿ ನೋಡುತ್ತೇನೆ ಸಾರ್” ಎಂದ. ಹೇಳಿದನೇ, ಕೇಳಿದರೇ ಎಂಬುದು ಇನ್ನೂ ತಿಳಿದಿಲ್ಲ. ಅಂಥ ಹತ್ತು ಹಂತಗಳಿದ್ದು, ಹತ್ತಕ್ಕೇ ಮುಗಿಯುವ ಆಟವನ್ನು ಅವನು ಕಟ್ಟಿದ ದಿನ ಊಟಕ್ಕೆ ಎಷ್ಟು ಸಲ ಕರೆದರೂ ನಾನು ಏಳುವುದಿಲ್ಲ. ಆ ದಿನ ನನಗೆ ನಾಚಿಕೆಯೂ ಆಗಲಾರದು.