ಇನ್‌ಸ್ಟಾಗ್ರಾಮ್ ಅಂಗಡಿ, ವಿಳಾಸವಿಲ್ಲದ ವ್ಯಾಪಾರ

ಸಣ್ಣ ವ್ಯಾಪಾರದ ಮಟ್ಟಿಗೆ ವೆಬ್‌ಸೈಟಿನ ಕೆಲಸ ಬೇರೆ, ಸೋಷಿಯಲ್ ಮೀಡಿಯಾದ ಕೆಲಸ ಬೇರೆ. ಇನ್‌ಸ್ಟಾಗ್ರಾಮು, ಫೇಸ್‌ಬುಕ್ಕು ಇರುವುದು ಹೊಸಬರ ಕಣ್ಣಿಗೆ ಬೀಳುವುದಕ್ಕೆ. ಹುಡುಕಿಕೊಂಡು ಬಂದವರಿಗೆ ಬೆಲೆ, ವಿವರ, ವಿಳಾಸ ಕೊಟ್ಟು ನಂಬಿಕೆ ಹುಟ್ಟಿಸಬೇಕಾದದ್ದು ವೆಬ್‌ಸೈಟು. ಸೀರೆ, ಆಟಿಕೆ, ಉಪ್ಪಿನಕಾಯಿ ಮಾರುವ ಅನೇಕರು ಈ ವ್ಯತ್ಯಾಸ ಮರೆತು ಇಡೀ ವ್ಯಾಪಾರವನ್ನು ಒಂದು ಇನ್‌ಸ್ಟಾಗ್ರಾಮ್ ಪುಟದ ಮೇಲೆ ನಿಲ್ಲಿಸಿದ್ದಾರೆ. ಶುರುವಿಗೆ ಅದು ಜಾಣತನವೇ. ಅಲ್ಲೇ ನಿಂತುಬಿಡುವುದು ಅಪಾಯ.

ಇಳಕಲ್ ಸೀರೆಯ ಮಾರಾಟವನ್ನೇ ನೋಡಬಹುದು. ದಾಳಿಂಬೆ ಕೆಂಪಿನ ಒಡಲು, ಕೆಂಪು ಬಿಳುಪಿನ ಸೆರಗು: ಅರ್ಧ ನಿಮಿಷದ ರೀಲ್ಸ್‌ಗೆ ಹೇಳಿ ಮಾಡಿಸಿದ ಸರಕು. ಬಾಗಲಕೋಟೆ ಜಿಲ್ಲೆಯ ಮಗ್ಗದಿಂದ ಇಳಿದ ಸೀರೆ ಅದೇ ದಿನ ಪುಣೆಯಲ್ಲಿರುವವರ, ಅಮೆರಿಕದಲ್ಲಿರುವವರ ಫೋನಿನಲ್ಲೂ ಕಾಣಿಸಿಕೊಳ್ಳಬಹುದು. ಹೊಸದಾಗಿ ತೆರೆದ ವೆಬ್‌ಸೈಟಿಗೆ ಈ ವೇಗ ಬರುವುದಿಲ್ಲ. ಆದರೆ ನೋಡಿದವರು ಕೊಳ್ಳಲು ಹೊರಟಾಗ ಏಳುವ ಪ್ರಶ್ನೆಗಳಿಗೆ ರೀಲ್ಸ್‌ನಲ್ಲಿ ಜಾಗವಿಲ್ಲ. ಇದು ಕೈಮಗ್ಗದ್ದೋ ಪವರ್‌ಲೂಮಿನದೋ? ಒಡಲು ಹತ್ತಿಯೋ ರೇಷ್ಮೆಯೋ? ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿದ್ದು ಹೌದೋ? ಬಣ್ಣ ಬಿಟ್ಟರೆ ವಾಪಸು ತೆಗೆದುಕೊಳ್ಳುತ್ತಾರೋ? ಒಮ್ಮೆ ಬರೆದಿಟ್ಟರೆ ವರ್ಷಗಟ್ಟಲೆ ಉಳಿಯುವ ಈ ಉತ್ತರಗಳನ್ನು ಮಾರುವವರು ದಿನವಿಡೀ ಮೆಸೇಜಿನಲ್ಲಿ ಟೈಪು ಮಾಡುತ್ತಲೇ ಇರುತ್ತಾರೆ.

'ಬೆಲೆಗೆ ಡಿಎಂ ಮಾಡಿ' ಎಂಬ ಸಾಲು ಈ ರೂಢಿಯ ಅತ್ಯಂತ ಕೆಟ್ಟ ಭಾಗ. ಕೇಳಲು ಸಂಕೋಚಪಡುವ ಗಿರಾಕಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಕೇಳಿದವರಿಗೆ ಮುಖ ನೋಡಿ ಬೆಲೆ ಹೇಳುತ್ತಾರೇನೋ ಎಂಬ ಅನುಮಾನ ಉಳಿಯುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದು ಸರಿಯಲ್ಲ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಆನ್‌ಲೈನ್ ಮಾರಾಟದಲ್ಲಿ ಸಂಸ್ಥೆಯ ಹೆಸರು, ವಿಳಾಸ, ದೂರು ಕೇಳುವವರ ವಿವರ, ಒಟ್ಟು ಬೆಲೆ ಎಲ್ಲವೂ ಗ್ರಾಹಕರಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು ಎನ್ನುತ್ತವೆ. ಇಷ್ಟನ್ನೂ ಬಯೋದ ನಾಲ್ಕು ಸಾಲಿನಲ್ಲಿ ತುರುಕಲಾಗದು.

ಎರಡನೆಯ ದೋಷ ಪರಾವಲಂಬನೆ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ನ್ಯೂಸ್‌ಫೀಡಿನಲ್ಲಿ ಗೆಳೆಯರು, ಮನೆಯವರ ಪೋಸ್ಟುಗಳಿಗೆ ಆದ್ಯತೆ ಕೊಡುವುದಾಗಿ ಪ್ರಕಟಿಸಿತು. ವ್ಯಾಪಾರದ ಪುಟಗಳು ಹಿಂದೆ ಸರಿದವು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅಲ್ಲಿ ಲಕ್ಷಾಂತರ ಫಾಲೋವರ್‌ಗಳನ್ನು ಕೂಡಿಸಿಕೊಂಡಿದ್ದವರ ಕೈಯಲ್ಲಿ ಅವರಲ್ಲಿ ಒಬ್ಬರ ಫೋನ್ ನಂಬರೂ ಉಳಿಯಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೇ ಸುಮಾರು ಆರು ತಾಸು ಸ್ಥಗಿತಗೊಂಡವು. ಮೂರು ಕಡೆ ಅಂಗಡಿ ಇಟ್ಟಿದ್ದೇವೆ ಎಂದುಕೊಂಡವರಿಗೆ ಮೂರರ ಯಜಮಾನನೂ ಒಬ್ಬನೇ ಎಂಬುದು ಅಂದು ಗೊತ್ತಾಯಿತು.

ವೆಬ್‌ಸೈಟು ಎಂದಾಕ್ಷಣ ಸ್ವಂತದ್ದು ಎಂದೂ ಹೇಳಲಾಗದು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತವಾಗಿ ಕಟ್ಟಿಕೊಡುತ್ತಿದ್ದ ಸೈಟುಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಸೈಟು ಮಾಡಿಸಿ ಮರೆತವರದು ಇನ್ನೊಂದು ಕಥೆ. ಹಳೆಯ ಬೆಲೆ, ಬದಲಾದ ಫೋನ್ ನಂಬರು, ಎಂದೋ ಮುಗಿದ ದೀಪಾವಳಿ ರಿಯಾಯಿತಿಯ ಬ್ಯಾನರು. ಇಂಥ ಸೈಟಿಗಿಂತ ಸೈಟೇ ಇಲ್ಲದಿರುವುದು ವಾಸಿ. ಅಂಗಡಿ ಮುಚ್ಚಿಹೋಗಿದೆ ಎಂದೇ ಗಿರಾಕಿ ತಿಳಿಯುತ್ತಾರೆ.

ಹಾಗಾದರೆ ಸೋಷಿಯಲ್ ಮೀಡಿಯಾ ಬಿಟ್ಟೇಬಿಡಬಹುದೇ? ಬ್ರಿಟನ್ನಿನ ಸೌಂದರ್ಯವರ್ಧಕ ಸಂಸ್ಥೆ ಲಷ್ 2021ರ ನವೆಂಬರಿನಲ್ಲಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ತೊರೆದದ್ದನ್ನು ಮಾದರಿಯಾಗಿ ತೋರಿಸುವವರಿದ್ದಾರೆ. ಅದಕ್ಕೆ ಹಲವು ದೇಶಗಳಲ್ಲಿ ಅಂಗಡಿಗಳಿದ್ದವು, ದಶಕಗಳ ಹೆಸರಿತ್ತು. ಇಳಕಲ್ಲಿನ ನೇಕಾರ ಕುಟುಂಬಕ್ಕೆ ಆ ದಾರಿ ಹೊಂದುವುದಿಲ್ಲ.

ಸಮತೋಲ ಎಂದರೆ ಎರಡಕ್ಕೂ ಸಮಸಮ ದುಡ್ಡು, ಸಮಸಮ ಹೊತ್ತು ಎಂದಲ್ಲ. ದಿನದಿನದ ಹೊಸ ಸರಕು, ಮಗ್ಗದ ಸದ್ದು, ಹಬ್ಬದ ಸುದ್ದಿ ಇನ್‌ಸ್ಟಾಗ್ರಾಮಿಗೆ. ಬೆಲೆ, ನೂಲಿನ ವಿವರ, ಒಗೆಯುವ ಕ್ರಮ, ವಾಪಸಾತಿಯ ನಿಯಮ ಸೈಟಿಗೆ. ಇನ್‌ಸ್ಟಾಗ್ರಾಮ್ ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕು ಒತ್ತಿದರೆ ತೆರೆದುಕೊಳ್ಳುವುದಿಲ್ಲ, ಬಯೋದ್ದು ತೆರೆದುಕೊಳ್ಳುತ್ತದೆ. ಆ ಬಾಗಿಲೂ ಸೈಟಿನ ಮುಖಪುಟಕ್ಕೆ ಕರೆದೊಯ್ದರೆ, ರೀಲ್ಸ್‌ನಲ್ಲಿ ಸೀರೆ ಮೆಚ್ಚಿ ಬಂದವರು ಅದೇ ಸೀರೆಗಾಗಿ ಮತ್ತೆ ಹುಡುಕಬೇಕು. ಎಷ್ಟೋ ಮಾರಾಟ ಕೈತಪ್ಪುವುದು ಇಲ್ಲಿಯೇ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯೂ ಗಿರಾಕಿಗಳ ದಾಖಲೆಯ ಪುಸ್ತಕಕ್ಕೆ ಬದಲಿಯಲ್ಲ: ಒಂದು ಪಟ್ಟಿಗೆ 256 ಜನರ ಮಿತಿ, ಅದೂ ಅಂಗಡಿಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಲೈಕುಗಳ ಲೆಕ್ಕವೂ ಅಷ್ಟೇ. ಯಾವ ಪೋಸ್ಟಿನಿಂದ ಎಷ್ಟು ಆರ್ಡರ್ ಬಂತು ಎಂಬುದೊಂದೇ ವ್ಯಾಪಾರಕ್ಕೆ ಬೇಕಾದ ಲೆಕ್ಕ.

ಆರ್ಡರುಗಳು ನಿಯಮಿತವಾಗಿ ಬರತೊಡಗಿದ ಮೇಲೂ ಸೈಟಿಲ್ಲದೆ ಮುಂದುವರಿಯುವುದು ಮಿತವ್ಯಯವಲ್ಲ, ಉದಾಸೀನ. ನಾಲ್ಕೈದು ಪುಟಗಳ ಸರಳ ಸೈಟು ಸಾಕು, ಅದರಲ್ಲಿ ಕನ್ನಡವೂ ಇರಲಿ. ಡೊಮೇನನ್ನು ಮಾತ್ರ ಸೈಟು ಮಾಡಿಕೊಡುವವರ ಹೆಸರಿನಲ್ಲಿ ಬಿಡದೆ, ವ್ಯಾಪಾರಿ ತನ್ನ ಹೆಸರಿನಲ್ಲಿ, ತನ್ನ ಇಮೇಲಿನಿಂದಲೇ ನೋಂದಾಯಿಸಿ, ನವೀಕರಣದ ತಾರೀಖನ್ನು ಗುರುತು ಹಾಕಿಕೊಳ್ಳಬೇಕು.