ಶಾಲೆಯ ಹೊಸ್ತಿಲಲ್ಲಿ ತೊತ್ತೋ-ಚಾನ್

ಜೂನ್ ತಿಂಗಳು ಸಮೀಪಿಸಿತೆಂದರೆ ಮೂರು-ನಾಲ್ಕು ವರ್ಷದ ಕೂಸುಗಳುಳ್ಳ ಮನೆಗಳಲ್ಲಿ ಒಂದು ಬಗೆಯ ಕಳವಳ ತಲೆದೋರುವುದನ್ನು ವಾಚಕರು ಬಲ್ಲರು. ಶಿಶುವಿಹಾರಕ್ಕೆ ಸೇರುವ ಮುನ್ನವೇ ಮಗುವಿಗೆ ಅಕ್ಷರ, ಅಂಕಿ, ಹಣ್ಣುಗಳ ಇಂಗ್ಲಿಷ್ ಹೆಸರುಗಳೆಲ್ಲ ಬಾಯಿಪಾಠವಾಗಿರಬೇಕು, ಕೇಳಿದೊಡನೆ ಉದುರಬೇಕು. ಇದನ್ನೇ ನಾವು ಮಗುವಿನ ಸಿದ್ಧತೆಯೆಂದು ಬಗೆದಿದ್ದೇವೆ. ಪ್ರವೇಶದ ಕಾಲಕ್ಕೆ ಮಗುವನ್ನಾಗಲಿ ತಾಯ್ತಂದೆಗಳನ್ನಾಗಲಿ ಪರೀಕ್ಷೆಗೆ ಒಡ್ಡಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸಿದ್ದರೂ ಕಳವಳವೇನೂ ಇಳಿದಂತಿಲ್ಲ. ಇಂಥವರ ಕೈಯಲ್ಲಿ ಇಡಬೇಕಾದ ಪುಸ್ತಕವೊಂದಿದೆ: ಜಪಾನಿನ ತೆತ್ಸುಕೊ ಕುರೊಯಾನಗಿಯವರ ‘ತೊತ್ತೋ-ಚಾನ್’. 1981ರಲ್ಲಿ ಗ್ರಂಥವಾಗಿ ಹೊರಬಂದ ಈ ಬಾಲ್ಯಸ್ಮರಣೆ ಕನ್ನಡಕ್ಕೂ ಬಂದಿದೆ.

ಇದರ ನಾಯಕಿ ಒಂದನೆಯ ತರಗತಿಯವಳು, ಶಿಶುವಿಹಾರದ ಕೂಸಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ದಾಟಬೇಕಾದ ಹೊಸ್ತಿಲು ಎರಡು ಕಡೆಯೂ ಒಂದೇ.

ಮೊದಲ ಶಾಲೆ ಇವಳನ್ನು ಹೊರಗೆ ಹಾಕುತ್ತದೆ. ಮೇಜಿನ ಮುಚ್ಚಳವನ್ನು ಮತ್ತೆ ಮತ್ತೆ ತೆರೆದು ಮುಚ್ಚುವುದು, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯಗಾರರನ್ನು ಕೂಗುವುದು, ಹಕ್ಕಿಗಳೊಡನೆ ಸಂಭಾಷಣೆ. ಇವು ಅವಳ ಅಪರಾಧಗಳು. ದೂರು ಹೇಳಿದ ಉಪಾಧ್ಯಾಯಿನಿಯನ್ನು ಓದುಗರು ನಕ್ಕು ಮರೆಯುವುದುಂಟು. ನನಗದು ಒಪ್ಪಿತವಲ್ಲ. ಇಡೀ ತರಗತಿಯನ್ನು ನಡೆಸಬೇಕಾದವಳ ಬವಣೆ ಸುಳ್ಳಲ್ಲ. ಲೇಖಕಿಯೂ ಆಕೆಯನ್ನು ದುಷ್ಟಳನ್ನಾಗಿ ಚಿತ್ರಿಸಿಲ್ಲ.

ಮುಂದೆ ಬರುವುದೇ ಹೆಸರಾಂತ ಪ್ರಸಂಗ. ತೋಮೊಯೆ ಶಾಲೆಯ ತರಗತಿಗಳು ಹಳೆಯ ರೈಲುಡಬ್ಬಿಗಳಲ್ಲಿ ನಡೆಯುತ್ತವೆ. ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ತಾಯಿಯನ್ನು ಮನೆಗೆ ಕಳಿಸಿ, ಹುಡುಗಿಯ ಎದುರು ಕುರ್ಚಿ ಎಳೆದು ಕುಳಿತು, ನಿನಗೆ ತೋಚಿದ್ದನ್ನೆಲ್ಲ ಹೇಳೆನ್ನುತ್ತಾರೆ. ನಾಲ್ಕು ಗಂಟೆಗಳ ಕಾಲ ಕೇಳುತ್ತಾರೆ! ಅಕ್ಷರ ಕೇಳಲಿಲ್ಲ, ಅಂಕಿ ಕೇಳಲಿಲ್ಲ. ಮಾತು ಬರಿದಾದಾಗ ಹುಡುಗಿ ತಾನು ತೊಟ್ಟ ಅಂಗಿಯ ಕಥೆ ತೆಗೆಯುತ್ತಾಳೆ: ಬೇಲಿ ನುಸಿದು ನುಸಿದು ಅಮ್ಮ ಹೊಲಿದ ಅಂಗಿಗಳೆಲ್ಲ ಹರಿದುವು, ಇದು ಅಂಗಡಿಯದು, ಇದರ ಕೊರಳಪಟ್ಟಿಯ ಕೆಂಪು ಹೂಗಳು ಅಮ್ಮನಿಗೆ ಹಿಡಿಸವು. ಗಿಳಿಪಾಠ ಕಲಿಸಿ ಕಳುಹಿದ ಮಗು ಇಂಥ ಮನೆಯ ಗುಟ್ಟನ್ನು ಎಂದಾದರೂ ಬಿಟ್ಟುಕೊಟ್ಟೀತೆ?

ಎಲ್ಲರೂ ಕೊಬಾಯಾಶಿಯವರನ್ನು ಕೊಂಡಾಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ತಾಯಿಯ ಬಳಿ. ಶಾಲೆಯಿಂದ ಹೊರಹಾಕಲ್ಪಟ್ಟ ಸಂಗತಿಯನ್ನು ಆಕೆ ಮಗಳಿಗೆ ಇಪ್ಪತ್ತು ತುಂಬುವವರೆಗೂ ತಿಳಿಸಲಿಲ್ಲ. ಹೊಸ ಶಾಲೆಗೆ ಹೋಗೋಣವೆ ಎಂದಷ್ಟೇ ಕೇಳಿದಳು. ಇಲ್ಲಿಯೂ ನಿರಾಕರಿಸಿದರೇನು ಗತಿ ಎಂದು ದಾರಿಯುದ್ದಕ್ಕೂ ಒಳಗೇ ಬೇಯುತ್ತಿದ್ದಳು; ಗೂಢಚಾರಳಾಗಬೇಕೆಂದಿದ್ದ ಮಗಳೋ ಈಗ ರೈಲಿನ ಟಿಕೆಟ್ ಮಾರುವವಳಾಗುವೆನೆಂದು ಹರಟುತ್ತಿದ್ದಳು. ಸತ್ಯವನ್ನು ಮರೆಮಾಚಿದ್ದು ಸರಿಯೆ ಎಂದು ಕೆಲವರು ಕೇಳಿಯಾರು. ಆಕೆ ಮರೆಮಾಚಿದ್ದು ತನ್ನ ಭಯವನ್ನು. ಆ ಭಯ ಮಗುವಿನ ಹೆಗಲೇರದಂತೆ ತಡೆದುದರಿಂದಲೇ ಅವಳ ನಾಲಗೆ ನಾಲ್ಕು ತಾಸು ನಿರಾಳವಾಗಿ ಆಡಿತು. ಮುಖ್ಯೋಪಾಧ್ಯಾಯರ ತಾಳ್ಮೆಯಷ್ಟೇ ಈ ಮೌನಕ್ಕೂ ಅಲ್ಲಿ ಪಾಲುಂಟು. ಲೇಖಕಿ ಇದನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿರುವುದು ನನಗೆ ಕೊರತೆಯಾಗಿಯೇ ಕಂಡಿದೆ.

ಇನ್ನೊಂದು ಕೊರತೆಯೂ ಇದೆ. ನಾಲ್ಕು ದಶಕಗಳಾಚೆಯಿಂದ ನೋಡಿದ ಶಾಲೆಯಿದು. 1945ರ ವಿಮಾನದಾಳಿಯಲ್ಲಿ ಸುಟ್ಟುಹೋದದ್ದು. ಇಲ್ಲವಾದುದು ಸುಂದರವಾಗಿ ಕಾಣುವುದು ಸಹಜ. ಅಲ್ಲಿದ್ದವರು ಐವತ್ತರ ಆಸುಪಾಸಿನ ಮಕ್ಕಳು ಮಾತ್ರ. ಈ ಪದ್ಧತಿ ಕೈಹಿಡಿಯದ ಮಗು ಒಂದಾದರೂ ಇದ್ದಿರಬೇಕಲ್ಲವೆ? ಅದರ ಸುಳಿವು ಪುಸ್ತಕದಲ್ಲಿಲ್ಲ. ಆದುದರಿಂದ ಇದನ್ನು ಶಾಲೆ ನಡೆಸುವವರಿಗೊಂದು ಕೈಪಿಡಿಯೆಂದು ಹಿಡಿಯುವುದು ತಪ್ಪಾದೀತು.

ಪ್ರವೇಶವಾದ ಮರುದಿನದ ಬೆಳಗನ್ನಂತೂ ವಾಚಕರು ತಪ್ಪದೆ ಓದಬೇಕು. ರೈಲಿನ ಪಾಸು ಕಳೆಯದಿರಲೆಂದು ತಾಯಿ ದಾರಕ್ಕೆ ಕಟ್ಟಿ ಮಗಳ ಕೊರಳಿಗೆ ಹಾಕುತ್ತಾಳೆ. ಹುಡುಗಿ ಅದನ್ನು ತೆಗೆದು ಮನೆಯ ನಾಯಿ ರಾಕಿಯ ಕೊರಳಿಗೆ ತೊಡಿಸಿ, ಹೊಸ ಶಾಲೆಯ ವಿಷಯವನ್ನೆಲ್ಲ ಅದಕ್ಕೆ ವಿವರಿಸುತ್ತಾಳೆ. ಅದು ಕಿವಿಗೊಟ್ಟು ಕೇಳಿ, ಪಾಸನ್ನೊಮ್ಮೆ ನೆಕ್ಕಿ, ಆಕಳಿಸುತ್ತದೆ.