ಇಬ್ಬರು ರಾಜ್‌ಕುಮಾರರ ನಡುವಿನ ಗೆರೆ

ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಬ್ರುವಾಹನ’ (1977) ನಮ್ಮ ಜನ ಇಂದಿಗೂ ಮತ್ತೆ ಮತ್ತೆ ನೋಡುವ ಪೌರಾಣಿಕ ಚಿತ್ರ. ಹೊರನಾಡಿನ ನಮ್ಮ ಮನೆಗಳಲ್ಲಿ ಅದನ್ನು ಹಿರಿಯರು ಮಕ್ಕಳೊಡನೆ ಕುಳಿತು ನೋಡುವಾಗ ಒಂದು ತಮಾಷೆ ನಡೆಯುವುದುಂಟು. ಅರ್ಜುನನೂ ಬಬ್ರುವಾಹನನೂ ಎದುರುಬದುರಾಗಿ ಗರ್ಜಿಸುತ್ತಿರುತ್ತಾರೆ, ಅಜ್ಜ ಮೈಮರೆತು ಕುಳಿತಿರುತ್ತಾರೆ. ಸರಿಯಾಗಿ ಆ ಹೊತ್ತಿಗೆ ಮೊಮ್ಮಗ, ‘ಇದು ಮಾಸ್ಕು ಅಜ್ಜಾ, ಅರ್ಧರ್ಧ ತೆಗೆದು ಅಂಟಿಸಿದ್ದಾರೆ’ ಎಂದು ರಸಭಂಗ ಮಾಡುತ್ತಾನೆ. ಅಂಥ ಕೆಲಸವನ್ನು ಅವನು ತನ್ನ ಕಂಪ್ಯೂಟರಿನಲ್ಲೇ ಮಾಡಬಲ್ಲ. ಹೇಳಿದ್ದೂ ಸುಳ್ಳಲ್ಲ. ಆದರೆ ಅಷ್ಟಕ್ಕೇ ಮಾತು ಮುಗಿಯಿತೆಂದು ಅವನು ತಿಳಿದಂತಿದೆಯಲ್ಲ, ನಮ್ಮ ತಕರಾರು ಇರುವುದು ಅಲ್ಲಿ.

ಮಾಸ್ಕ್ ಎಂದರೆ ಮರೆ. ಚೌಕಟ್ಟಿನ ಒಂದು ಭಾಗವನ್ನು ಮುಚ್ಚಿ ಉಳಿದದ್ದನ್ನಷ್ಟೇ ಕಾಣಿಸುವುದು. ಫಿಲ್ಮಿನ ಕಾಲದಲ್ಲಿ ಇದಕ್ಕಾಗಿ ಕ್ಯಾಮರಾದ ಲೆನ್ಸಿನ ಮುಂದೆ ಕಪ್ಪು ರಟ್ಟೊಂದನ್ನು ಇಟ್ಟು ಎಡ ಅರ್ಧವನ್ನು ಮರೆಮಾಡುತ್ತಿದ್ದರು. ಬಲಗಡೆ ನಟ ತಂದೆಯಾಗಿ ನಿಂತು ತನ್ನ ಮಾತು ಮುಗಿಸುತ್ತಾನೆ. ಬೆಳಕು ತಾಗದ ಅರ್ಧ ಹಾಗೆಯೇ ಖಾಲಿ ಉಳಿದಿರುತ್ತದೆ. ಬಳಿಕ ಫಿಲ್ಮನ್ನು ಮೊದಲಿಗೆ ಹಿಂದಕ್ಕೆ ಸುತ್ತಿ, ರಟ್ಟನ್ನು ಬಲಕ್ಕೆ ಸರಿಸಿ, ವೇಷ ಬದಲಿಸಿ ಬಂದ ಅದೇ ನಟನನ್ನು ಎಡಕ್ಕೆ ನಿಲ್ಲಿಸಿ ಮತ್ತೆ ಓಡಿಸಬೇಕು. ಸೆಕೆಂಡಿಗೆ 24 ಚೌಕಟ್ಟು, 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16. ಹತ್ತು ಸೆಕೆಂಡಿನ ದೃಶ್ಯವೆಂದರೆ 240 ಚೌಕಟ್ಟು, 15 ಅಡಿ. ಎಣಿಕೆ ತಪ್ಪಿದರೆ ತಂದೆ ಕೇಳುವ ಮೊದಲೇ ಮಗ ಉತ್ತರ ಕೊಟ್ಟುಬಿಡುತ್ತಾನೆ! ಎರಡು ಓಟಗಳ ನಡುವೆ ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು, ದೀಪ ಕದಲಬಾರದು. ಎರಡನೆಯದು ಕೆಟ್ಟರೆ ಚೆನ್ನಾಗಿ ಬಂದಿದ್ದ ಮೊದಲನೆಯದೂ ಹೋಯಿತು. ಎರಡು ನೆಗೆಟಿವ್‌ಗಳನ್ನು ಬೇರೆಬೇರೆ ತೆಗೆದು ಆಪ್ಟಿಕಲ್ ಪ್ರಿಂಟರಿನಲ್ಲಿ ಕೂಡಿಸುವ ದಾರಿಯೂ ಇತ್ತು. ಯಾವ ದಾರಿ ಹಿಡಿದರೂ ನಿಯಮ ಒಂದೇ: ನಡುವಿನ ಗೆರೆಯನ್ನು ಇಬ್ಬರಲ್ಲಿ ಯಾರೂ ದಾಟುವಂತಿಲ್ಲ. ದಾಟಿದ ಕೈ ತುಂಡಾಗಿ ಕಾಣುತ್ತದೆ.

ಈ ಆಟ ಹೊಸದೇನಲ್ಲ. ಫ್ರಾನ್ಸಿನ ಜಾರ್ಜ್ ಮೆಲಿಯೇ 1898ರಲ್ಲೇ ತನ್ನ ತಲೆಯನ್ನು ತಾನೇ ತೆಗೆದು ಮೇಜಿನ ಮೇಲಿಟ್ಟು ಪ್ರೇಕ್ಷಕರನ್ನು ಬೆರಗುಗೊಳಿಸಿದ್ದ. ನಮ್ಮಲ್ಲಿ ದಾದಾಸಾಹೇಬ ಫಾಳ್ಕೆಯವರ ‘ಲಂಕಾದಹನ’ದಲ್ಲಿ (1917) ಅಣ್ಣಾ ಸಾಳುಂಕೆ ಎಂಬ ಒಬ್ಬನೇ ನಟ ರಾಮನೂ ಆದ, ಸೀತೆಯೂ ಆದ. ಅಲ್ಲಿ ಕಥೆಯೇ ಫಾಳ್ಕೆಯವರ ನೆರವಿಗಿತ್ತು ಎನ್ನಬೇಕು. ರಾಮ ಸೀತೆಯರು ಅಗಲಿರುವುದೇ ಆ ಕಥೆ!

‘ಬಬ್ರುವಾಹನ’ದ ಹೆಚ್ಚುಗಾರಿಕೆಯನ್ನು ಹುಡುಕಬೇಕಾದದ್ದು ಇದೇ ಜಾಡಿನಲ್ಲಿ. ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಕಥೆಯಿದು. ಅಶ್ವಮೇಧದ ಕುದುರೆಯನ್ನು ಕಟ್ಟಿದ ಮಗ, ಬಂದವನು ತನ್ನ ತಂದೆಯೆಂದು ತಿಳಿದು ಕಾಣಿಕೆಯೊಂದಿಗೆ ಎದುರುಗೊಳ್ಳುತ್ತಾನೆ. ತಂದೆಯಾದರೋ ಇವನು ತನ್ನ ಮಗನೇ ಅಲ್ಲವೆಂದು ತಾಯಿ ಚಿತ್ರಾಂಗದೆಯ ಶೀಲಕ್ಕೇ ಮಾತು ತರುತ್ತಾನೆ. ಒಂದೇ ರಕ್ತ, ಒಂದೇ ಬಿಲ್ಲುಗಾರಿಕೆ, ಒಂದೇ ಹಮ್ಮು. ಆದರೂ ಒಬ್ಬನು ಇನ್ನೊಬ್ಬನನ್ನು ತನ್ನವನೆನ್ನಲಾರ. ಈಗ ಚೌಕಟ್ಟನ್ನು ನೋಡಿ. ಅಲ್ಲೂ ಒಂದೇ ಮುಖ, ಒಂದೇ ನಿಲುವು, ನಡುವೆ ಮುಟ್ಟಲಾಗದ ಒಂದಿಷ್ಟು ಬಯಲು. ತಂತ್ರದ ಇಕ್ಕಟ್ಟು ಹೇರಿದ ಆ ಬಯಲು ಈ ಕಥೆಯಲ್ಲಿ ಅರ್ಥಪೂರ್ಣವಾಗಿಬಿಟ್ಟಿದೆ. ಬೇರೆ ದ್ವಿಪಾತ್ರದ ಚಿತ್ರಗಳಲ್ಲಿ ಅಣ್ಣತಮ್ಮಂದಿರು ಯಾಕೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿಲ್ಲವೆಂದು ನಮಗೆ ಕಸಿವಿಸಿಯಾಗುತ್ತದೆ. ತಬ್ಬಿದರೂ ಡ್ಯೂಪಿನ ಬೆನ್ನಷ್ಟೇ ಕಾಣುತ್ತದೆ. ಇಲ್ಲಿ ತಬ್ಬದಿರುವುದೇ ದುರಂತ.

ಇನ್ನು ಅಭಿನಯ. ಎದುರಿಗೆ ಯಾರೂ ಇಲ್ಲದ ಜಾಗವನ್ನು ದಿಟ್ಟಿಸಿ ರೋಷ ತಂದುಕೊಳ್ಳುವುದು ಹುಡುಗಾಟವಲ್ಲ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಎದುರು ಪಾತ್ರಧಾರಿಯ ಮಾತಿಗೆ ಕಿವಿಗೊಟ್ಟು ಬೆಳೆದ ನಟ. ಅಂಥವರು ಇಲ್ಲದವನ ಮಾತಿಗೆ ಮುಖ ಬಿಗಿದುಕೊಳ್ಳುವ ಬಗೆಯನ್ನು ಗಮನಿಸಬೇಕು. ಅರ್ಜುನನದು ಗೆದ್ದು ರೂಢಿಯಾದವನ ತಾತ್ಸಾರ, ಮಗನದು ಪೆಟ್ಟುತಿಂದ ವಿನಯ ಸಿಡಿದೆದ್ದ ಬಗೆ. ಇಬ್ಬರ ವಾಗ್ಯುದ್ಧದ ಹಾಡಿನಲ್ಲಿ ಇನ್ನೊಂದು ಸೊಗಸಿದೆ. ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ಒಂದು ಮುಖಕ್ಕೆ ಪಿ.ಬಿ. ಶ್ರೀನಿವಾಸರ ಕಂಠ, ಇನ್ನೊಂದಕ್ಕೆ ರಾಜ್‌ಕುಮಾರರ ಸ್ವಂತ ಕಂಠ. ವರ್ಷಗಟ್ಟಲೆ ರಾಜ್‌ಕುಮಾರರ ಶಾರೀರವೆಂದೇ ನಾವು ಕೇಳಿದ್ದ ದನಿ ಈಗ ಅವರ ನಿಜದನಿಗೆ ಇದಿರಾಗಿ ನಿಲ್ಲುತ್ತದೆ. ದೃಶ್ಯವನ್ನು ಎರಡಾಗಿಸಿದ್ದು ರಟ್ಟಾದರೆ, ವ್ಯಕ್ತಿಯನ್ನು ಎರಡಾಗಿಸಿದ್ದು ಈ ದನಿಗಳು.

ಚಿತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಸೆಟ್ಟಿನ ಥಳಕು ಅತಿಯಾಯಿತು. ಬಾಣಬಾಣಗಳ ಡಿಕ್ಕಿಯಲ್ಲಿ ಜಾತ್ರೆಯ ಮತಾಪಿನ ಗುಣವೇ ಹೆಚ್ಚು. ಕಥೆಗೆ ಬೇಡದ ಕಡೆ ಲಂಬಿಸಿದ್ದಾರೆ. ಮರುವರ್ಷದ ‘ಶಂಕರ್ ಗುರು’ವಿನಲ್ಲಿ ರಾಜ್‌ಕುಮಾರ್ ಮೂವರಾದರು. ಮನರಂಜನೆಗೆ ಅಲ್ಲಿ ಕೊರತೆಯಿಲ್ಲ, ಆದರೆ ನಡುವಿನ ಬಯಲು ಅಲ್ಲಿ ಬರಿಯ ಬಯಲು.

ಈಗ ರಟ್ಟೂ ಇಲ್ಲ, ಫಿಲ್ಮೂ ಇಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆಕೃತಿಯ ಸುತ್ತ ಚುಕ್ಕಿಯಿಟ್ಟು ಗೆರೆ ಎಳೆದರೆ ಒಳಗಿನದು ಉಳಿಯುತ್ತದೆ, ಹೊರಗಿನದು ಮರೆಯಾಗುತ್ತದೆ, ಬೇಕೆಂದರೆ ತಿರುವುಮುರುವು. ಅಂಚನ್ನು ಮಸುಕು ಮಾಡಿ ಬೆಸುಗೆ ಮುಚ್ಚಬಹುದು. 2010ರಲ್ಲಿ ಆಫ್ಟರ್ ಎಫೆಕ್ಟ್ಸ್‌ಗೆ ಬಂದ ರೋಟೋ ಬ್ರಶ್, 2020ರಲ್ಲಿ ಡಾವಿಂಚಿ ರಿಸಾಲ್ವ್‌ಗೆ ಬಂದ ಮ್ಯಾಜಿಕ್ ಮಾಸ್ಕ್ ಇವು ಓಡಾಡುವ ಮನುಷ್ಯನ ಅಂಚನ್ನೂ ಬೆನ್ನಟ್ಟಿ ಹಿಡಿಯುತ್ತವೆ. ತಪ್ಪಿದರೆ ಅಳಿಸಿ ಮತ್ತೆ ಎಳೆದರಾಯಿತು. ಸಂಘದ ವಾರ್ಷಿಕೋತ್ಸವಗಳಿಗೆ ನಮ್ಮ ಹುಡುಗರು ಮಾಡಿ ತರುವ ದ್ವಿಪಾತ್ರದ ಕಿರುಚಿತ್ರಗಳಲ್ಲಿ ಬೆಸುಗೆ ಹುಡುಕಿದರೂ ಸಿಗದು. ಸಿಗದಿರುವುದು ಇನ್ನೂ ಒಂದಿದೆ: ಇಬ್ಬರಾಗಿ ಕಾಣುವ ಆ ಒಬ್ಬ ಹುಡುಗ ನಿಜವಾಗಿ ಇಬ್ಬರಾಗಿರುವುದಿಲ್ಲ. ಅಂಗಿ ಬೇರೆ, ಕನ್ನಡಕ ಬೇರೆ, ನೋಟ ಒಂದೇ. ಮಾಸ್ಕನ್ನು ಇಷ್ಟು ಚೆನ್ನಾಗಿ ಬಲ್ಲ ಹುಡುಗರು ಆ ವಾಗ್ಯುದ್ಧವನ್ನು ಒಮ್ಮೆ ದನಿ ಮುಚ್ಚಿ, ಒಬ್ಬನೇ ರಾಜ್‌ಕುಮಾರರ ಮೇಲೆ ಕಣ್ಣಿಟ್ಟು ನೋಡಬೇಕು. ಮತ್ತೊಮ್ಮೆ ಇನ್ನೊಬ್ಬರ ಮೇಲೆ.

ಹಳೆಯ ಚಿತ್ರಗಳನ್ನು ಶುಚಿಗೊಳಿಸಿ ಹೊಸ ಪ್ರತಿ ತೆಗೆಯುವುದು ಈಗ ರೂಢಿಗೆ ಬಂದಿದೆ. ‘ಬಬ್ರುವಾಹನ’ ಆ ಮೇಜಿಗೆ ಬಂದಾಗ ಧೂಳು ತೆಗೆಯಲಿ, ಗೀರು ಅಳಿಸಲಿ, ಮಾಸಿದ ಬಣ್ಣವನ್ನು ತಿದ್ದಲಿ. ಬಾಣಕ್ಕೆ ಕಟ್ಟಿದ ದಾರ ಕಂಡರೆ ಅದನ್ನೂ ಮರೆಮಾಡಲಿ, ನಮ್ಮ ಅಡ್ಡಿಯಿಲ್ಲ. ಆದರೆ ಕೈಗೆಟಕುತ್ತದೆಂದು ತಂದೆ ಮಗನನ್ನು ಒಂದಿಷ್ಟು ಹತ್ತಿರ ಸರಿಸಿ ನಡುವಿನ ಆ ಬಯಲನ್ನು ಮಾತ್ರ ಯಾರೂ ಕಿರಿದು ಮಾಡಬಾರದು.